‘ನಾಯಾಟ್ಟು’ ನೋಡಿದ ಮೇಲೆ ತಮ್ಮನ ಬಗ್ಗೆ ಭಯ: ಅದರಲ್ಲಿ ಎಷ್ಟು ನಿಜ?

ಪ್ರಶ್ನೆ: ನಾನು ಪ್ರೈಮರಿ ಶಾಲೆಯ ಟೀಚರ್. ನನ್ನ ತಮ್ಮ ನಾಲ್ಕು ವರ್ಷದಿಂದ ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್. ಹೋದ ತಿಂಗಳು ಅವನು ರಜೆಗೆ ಬಂದಾಗ ಇಬ್ಬರೂ ಕೂತು ‘ನಾಯಾಟ್ಟು’ ಎಂಬ ಮಲಯಾಳಂ ಸಿನಿಮಾ ನೋಡಿದೆವು. ಅರ್ಧಕ್ಕೇ ಅವನು ಎದ್ದು ಹೊರಗೆ ಹೋದ. ಆಮೇಲೆ ಬಂದು, ‘ಅಕ್ಕಾ, ಇದು ಸಿನಿಮಾ ಅಲ್ಲ’ ಅಂದ. ಅಷ್ಟೇ ಮಾತು. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಇನ್ನೊಂದು ಸಂಕಟವೂ ಇದೆ. ನಾವು ಪರಿಶಿಷ್ಟ ಜಾತಿಯವರು. ನಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಇದೇ ಸಿನಿಮಾದ ತುಣುಕು ಹಾಕಿ, ‘ಅಟ್ರಾಸಿಟಿ ಕಾಯ್ದೆಯಿಂದ ಅಮಾಯಕರ ಬದುಕು ಹೇಗೆ ಹಾಳಾಗುತ್ತೆ ನೋಡಿ’ ಎಂದು ಬರೆದಿದ್ದಾರೆ. ನಾನು ಆ ಸಿನಿಮಾ ನೋಡಿ ಅತ್ತವಳು. ಈಗ, ನಾನು ಅತ್ತಿದ್ದು ನನ್ನ ಜನರ ವಿರುದ್ಧವೇ ಆಯಿತೇನೋ ಅನ್ನಿಸುತ್ತಿದೆ. ಅದರಲ್ಲಿ ಎಷ್ಟು ನಿಜ? ನನ್ನ ತಮ್ಮನಿಗೆ ಹಾಗೆ ಆಗಬಹುದಾ? ಆದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಎರಡು ಪ್ರಶ್ನೆ. ಒಂದು ತಮ್ಮನ ಬಗ್ಗೆ. ಇನ್ನೊಂದು ನಿಮ್ಮ ಕಣ್ಣೀರಿನ ಬಗ್ಗೆ. ಆ ಸಿನಿಮಾ ಎರಡನ್ನೂ ಸೇರಿಸಿ ಗಂಟು ಹಾಕಿಬಿಟ್ಟಿದೆ. ನಿಮಗೆ ನಿದ್ದೆ ಬಾರದಿರುವುದಕ್ಕೆ ಆ ಗಂಟೇ ಕಾರಣ ಇರಬಹುದು. ಬಿಡಿಸಿ ನೋಡೋಣ.

ನಾನು 22 ವರ್ಷದಿಂದ ಕರಾವಳಿಯ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ಆರೋಪಿಯಾಗಿ ನಿಂತ ಪೇದೆಗಳ ಪರ ವಾದ ಮಾಡಿದ್ದೇನೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ (ಜನ ಅಟ್ರಾಸಿಟಿ ಕಾಯ್ದೆ ಅನ್ನುವುದು ಇದನ್ನೇ) ದೂರು ಕೊಟ್ಟ ಕುಟುಂಬಗಳ ಪರವೂ ನಿಂತಿದ್ದೇನೆ. ಗಡಿಯ ಪಕ್ಕದಲ್ಲಿ ಬೆಳೆದವನಾದ್ದರಿಂದ ಮಲಯಾಳಂ ಸಿನಿಮಾ ನನಗೆ ಸಬ್‌ಟೈಟಲ್ ಇಲ್ಲದೆ ಅರ್ಥವಾಗುತ್ತದೆ. ‘ನಾಯಾಟ್ಟು’ವನ್ನು ನಾನೂ ಎರಡು ಸಲ ನೋಡಿದ್ದೇನೆ. ಮೊದಲ ಸಲ ಪ್ರೇಕ್ಷಕನಾಗಿ, ಎರಡನೇ ಸಲ ವಕೀಲನಾಗಿ.

ನೋಡದ ಓದುಗರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. 2021ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ಮಾರ್ಟಿನ್ ಪ್ರಕ್ಕಾಟ್. ನಾಯಾಟ್ಟು ಎಂದರೆ ಬೇಟೆ. ಮೂವರು ಪೊಲೀಸರಿದ್ದಾರೆ: ಎಎಸ್‌ಐ ಮಣಿಯನ್, ಹೊಸದಾಗಿ ಠಾಣೆಗೆ ಬಂದ ಪ್ರವೀಣ್ ಮೈಕಲ್, ಮಹಿಳಾ ಪೇದೆ ಸುನಿತಾ. ಜೋಜು ಜಾರ್ಜ್, ಕುಂಜಾಕೋ ಬೋಬನ್ ಮತ್ತು ನಿಮಿಷಾ ಸಜಯನ್ ಈ ಪಾತ್ರ ಮಾಡಿದ್ದಾರೆ. ಠಾಣೆಯಲ್ಲಿ ಒಬ್ಬ ದಲಿತ ಯುವಕನ ಜೊತೆ ಇವರಿಗೆ ಜಟಾಪಟಿ ಆಗಿರುತ್ತದೆ. ಆಮೇಲೆ ಒಂದು ರಾತ್ರಿ ಇವರಿದ್ದ ಪೊಲೀಸ್ ಜೀಪ್ ಒಂದು ಬೈಕಿಗೆ ಡಿಕ್ಕಿಯಾಗುತ್ತದೆ. ಓಡಿಸುತ್ತಿದ್ದವನು ಮಣಿಯನ್ ಅವರ ಸಂಬಂಧಿ ಹುಡುಗ. ಬೈಕಿನಲ್ಲಿದ್ದವನು, ಠಾಣೆಯಲ್ಲಿ ಜಗಳವಾಡಿದವನ ಕಡೆಯವನು, ಸಾಯುತ್ತಾನೆ. ಉಪಚುನಾವಣೆ ಹತ್ತಿರದಲ್ಲಿದೆ. ದಲಿತರ ಮತ ಕೈತಪ್ಪುತ್ತದೆ ಎಂಬ ಭಯದಲ್ಲಿ ಸರ್ಕಾರ ಮೂವರ ಬಂಧನಕ್ಕೆ ಹೊರಡುತ್ತದೆ. ಮೂವರೂ ಓಡುತ್ತಾರೆ. ಅವರ ಇಲಾಖೆಯೇ ಅವರನ್ನು ಬೆನ್ನಟ್ಟುತ್ತದೆ. ಮುನ್ನಾರಿನ ಚಹಾ ತೋಟಗಳ ನಡುವೆ ಕತೆ ಮುಗಿಯುವ ಹೊತ್ತಿಗೆ ಒಬ್ಬರು ಜೀವ ಕಳೆದುಕೊಂಡಿರುತ್ತಾರೆ.

ನಿಮ್ಮ ತಮ್ಮ ‘ಇದು ಸಿನಿಮಾ ಅಲ್ಲ’ ಅಂದದ್ದು ಸುಮ್ನೆ ಅಲ್ಲ. ಇದನ್ನು ಬರೆದ ಶಾಹಿ ಕಬೀರ್ ಕೇರಳ ಪೊಲೀಸ್‌ನಲ್ಲಿ ಪೇದೆಯಾಗಿ ಕೆಲಸ ಮಾಡಿದವರು. ಈ ಕತೆಗೆ ಅವರಿಗೆ ಕೇರಳ ರಾಜ್ಯ ಪ್ರಶಸ್ತಿಯೂ ಬಂತು. ಠಾಣೆಯ ಒಳಗಿನ ಗಾಳಿ ಹೇಗಿರುತ್ತದೆ, ಮೇಲಿನವರ ಫೋನ್ ಬಂದಾಗ ಎದುರಿಗಿರುವವನ ಮುಖ ಹೇಗೆ ಬದಲಾಗುತ್ತದೆ, ಯೂನಿಫಾರ್ಮ್ ಕಳಚಿದ ಮೇಲೆ ಮನೆಯಲ್ಲಿ ಅದೇ ಮನುಷ್ಯ ಹೇಗಿರುತ್ತಾನೆ, ಇದೆಲ್ಲ ಹೊರಗೆ ನಿಂತು ನೋಡಿದವರಿಗೆ ಸಿಗುವುದಿಲ್ಲ. ನನ್ನ ಕಕ್ಷಿದಾರರಾಗಿ ಬಂದ ಪೇದೆಗಳ ಮುಖದಲ್ಲಿ ನಾನು ಕಂಡದ್ದನ್ನೇ ಜೋಜು ಜಾರ್ಜ್ ಮುಖದಲ್ಲಿ ಕಂಡೆ.

ಅದರಲ್ಲಿ ನನಗೆ ಅತಿ ನಿಜ ಅನ್ನಿಸಿದ್ದು ಒಂದೇ ಒಂದು ವಿಷಯ. ಆ ಮೂವರು ಯಾಕೆ ಓಡುತ್ತಾರೆ? ತಪ್ಪು ಮಾಡಿದ್ದೇವೆ ಅಂತ ಅಲ್ಲ. ಠಾಣೆಯೊಳಗೆ ಹೋದ ಮನುಷ್ಯನಿಗೆ ಏನೇನು ಆಗಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕೇಸು ಹೇಗೆ ಕಟ್ಟುತ್ತಾರೆ ಎಂಬುದು ಕಟ್ಟಿದ ಕೈಗಳಿಗೇ ಗೊತ್ತಲ್ವಾ? ಪೊಲೀಸರಿಗೇ ಠಾಣೆಯ ಭಯ. ನನ್ನ ಬಳಿ ಬಂದ ಒಬ್ಬ ಪೇದೆ ಮೊದಲ ದಿನ ಕೇಳಿದ್ದು ಜಾಮೀನಿನ ಬಗ್ಗೆ ಅಲ್ಲ. ‘ಸರ್, ನನ್ನನ್ನು ಯಾವ ಠಾಣೆಯಲ್ಲಿ ಇಡ್ತಾರೆ?’ ಎಂದು ಕೇಳಿದ. 12 ವರ್ಷ ಸರ್ವಿಸ್ ಆದವನು.

ಇಲ್ಲಿಯವರೆಗೆ ನಿಮ್ಮ ತಮ್ಮನ ಮಾತು ಸರಿ. ಇನ್ನು ಮುಂದೆ ಎಚ್ಚರಿಕೆ ಬೇಕು.

ಕೋರ್ಟಿನಲ್ಲಿ ಒಂದು ಬಗೆಯ ಸಾಕ್ಷಿ ಇರುತ್ತಾರೆ. ಆರೋಪಿಯ ಅಂಗಿಯ ಬಣ್ಣ, ಗೋಡೆಯ ಕ್ಯಾಲೆಂಡರು, ಒಲೆ ಮೇಲಿದ್ದ ಪಾತ್ರೆ ಎಲ್ಲವನ್ನೂ ಪಟಪಟನೆ ಹೇಳುತ್ತಾರೆ. ಎಲ್ಲ ಸರಿಯಾಗಿಯೂ ಇರುತ್ತದೆ. ಕೇಳುತ್ತಾ ಕೇಳುತ್ತಾ, ‘ಹೊಡೆದವನು ಇವನೇ’ ಎಂದು ಅವರು ಹೇಳಿದ್ದನ್ನೂ ನಾವು ನಂಬಿಬಿಡುತ್ತೇವೆ. ಆದರೆ ಅಂಗಿಯ ಬಣ್ಣ ಸರಿ ಇದ್ದ ಮಾತ್ರಕ್ಕೆ ಹೊಡೆದವನ ಹೆಸರು ಸರಿ ಎಂದಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಒಳ್ಳೆಯ ನೈಜ ಸಿನಿಮಾ ಕೂಡ ಅಂಥ ಸಾಕ್ಷಿ. ಜೀಪು, ಲಾಠಿ, ಮಳೆ, ಮಾತಿನ ಧಾಟಿ ಎಲ್ಲ ನಿಜ. ಅದರ ಜೊತೆಗೆ ಕತೆಗಾರ ಒಂದು ಆಯ್ಕೆ ಮಾಡಿರುತ್ತಾನೆ: ಸಾಯುವವನು ಯಾರು, ಬೇಟೆಯಾಗುವವನು ಯಾರು, ಬೇಟೆಗೆ ಕಾರಣ ಯಾರು. ಆ ಆಯ್ಕೆಯೂ ಜೀಪಿನಷ್ಟೇ ನಿಜ ಎಂದು ನಮ್ಮ ಮನಸ್ಸು ಸ್ವೀಕರಿಸಿಬಿಡುತ್ತದೆ. ನಿಮ್ಮ ಗುಂಪಿನಲ್ಲಿ ಆಗಿರುವುದು ಇದೇ.

ಈ ಚಿತ್ರ ಬಂದಾಗ ಕೇರಳದಲ್ಲೂ ಇದೇ ಚರ್ಚೆ ನಡೆಯಿತು. ಪೊಲೀಸರ ಸಂಕಟ ತೋರಿಸಲು ದಲಿತರ ಸಂಘಟನೆಯನ್ನೇ ಬೆದರಿಸುವ ಶಕ್ತಿಯಾಗಿ ತೋರಿಸಬೇಕಿತ್ತಾ ಎಂದು ಹಲವರು ಕೇಳಿದರು. ನನ್ನ ಅಭಿಪ್ರಾಯವೂ ಅದೇ. ಲೆಕ್ಕ ನೋಡಿ. 2011ರ ಜನಗಣತಿಯ ಪ್ರಕಾರ ಕೇರಳದಲ್ಲಿ ಪರಿಶಿಷ್ಟ ಜಾತಿಯವರು ಶೇ 9ರಷ್ಟು. ನಮ್ಮ ಕರ್ನಾಟಕದಲ್ಲಿ ಶೇ 17. ಕೇರಳದ 140 ವಿಧಾನಸಭಾ ಸ್ಥಾನಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲು 14, ಪಂಗಡಕ್ಕೆ 2. ಈ ಜನ ಊರೂರಲ್ಲಿ ಚದುರಿಹೋಗಿದ್ದಾರೆ. ಇಡೀ ದೇಶವೇ ಹೊಗಳುವ ಅಲ್ಲಿನ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೊಲ ಸಿಕ್ಕಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದ ದಲಿತರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತಲಿನ ಕೆಲವೇ ಸೆಂಟ್ಸ್ ಜಾಗ. ಒಂದು ಉಪಚುನಾವಣೆಯಲ್ಲಿ ಇವರ ಮತ ನಿರ್ಣಾಯಕವಾಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಇವರಿಗೆ ಹೆದರಿ ಮುಖ್ಯಮಂತ್ರಿ ತನ್ನ ಪೊಲೀಸರನ್ನೇ ಬಲಿ ಕೊಡುತ್ತಾನೆ ಎಂಬುದು ಕತೆಗಾರನ ಕಲ್ಪನೆ. ಅದು ಕೇರಳದ ಸಾಮಾನ್ಯ ಅನುಭವ ಅಲ್ಲ.

ಸಾಮಾನ್ಯ ಅನುಭವ ಯಾವುದು? 2017ರಲ್ಲಿ ತ್ರಿಶೂರ್ ಜಿಲ್ಲೆಯ ಪಾವರಟ್ಟಿ ಠಾಣೆಗೆ ಕರೆದೊಯ್ದಿದ್ದ 19 ವರ್ಷದ ದಲಿತ ಹುಡುಗ ಮರುದಿನ ಮನೆಯಲ್ಲಿ ಜೀವ ಕಳೆದುಕೊಂಡ. 2018ರ ಫೆಬ್ರುವರಿಯಲ್ಲಿ ಅಟ್ಟಪ್ಪಾಡಿಯಲ್ಲಿ ಅಕ್ಕಿ ಕದ್ದ ಎಂದು ಹೇಳಿ ಒಬ್ಬ ಆದಿವಾಸಿಯನ್ನು ಗುಂಪೊಂದು ಹೊಡೆದು ಕೊಂದಿತು. ಇಡೀ ರಾಜ್ಯದ ಕಣ್ಣು ಆ ಕೇಸಿನ ಮೇಲಿತ್ತು. ಹಾಗಿದ್ದರೂ 20ಕ್ಕೂ ಹೆಚ್ಚು ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಿದರು. ಸರ್ಕಾರಿ ವಕೀಲರು ಮತ್ತೆ ಮತ್ತೆ ಬದಲಾದರು. ಮಣ್ಣಾರ್ಕಾಡ್‌ನ ವಿಶೇಷ ನ್ಯಾಯಾಲಯ 14 ಜನರನ್ನು ಅಪರಾಧಿಗಳೆಂದು ಹೇಳುವ ಹೊತ್ತಿಗೆ 2023 ಬಂದಿತ್ತು.

ಈಗ ಕಾಯ್ದೆಗೆ ಬರೋಣ. ನಿಮ್ಮ ಸಹೋದ್ಯೋಗಿ ಹೇಳಿದ್ದು ನಾನು ಪ್ರತಿ ವಾರ ಕೇಳುವ ಮಾತು. ‘ದಲಿತ ಸತ್ತರೆ ಸಾಕು, ಅಟ್ರಾಸಿಟಿ ಕೇಸು. ಒಳಗೆ ಹಾಕಿದರೆ ಜಾಮೀನೇ ಇಲ್ಲ.’ ಇದು ತಪ್ಪು ತಿಳಿವಳಿಕೆ.

1989ರ ಈ ಕಾಯ್ದೆಯ 3ನೇ ಸೆಕ್ಷನ್ ಶುರುವಾಗುವುದೇ ‘ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಯಾವನೇ ವ್ಯಕ್ತಿ’ ಎಂಬ ಅರ್ಥದ ಮಾತಿನಿಂದ. ಅಂದರೆ ಆರೋಪಿ ಸ್ವತಃ ಪರಿಶಿಷ್ಟ ಜಾತಿಯವನಾಗಿದ್ದರೆ ಈ ಸೆಕ್ಷನ್ ಅವನ ಮೇಲೆ ಹಾಕುವಂತೆಯೇ ಇಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಮರಕುಂಬಿ ಪ್ರಕರಣ ನೆನಪಿದೆಯಲ್ಲ? 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಇನ್ನೂ 3 ಜನರಿಗೆ 5 ವರ್ಷ ಮಾತ್ರ. ಯಾಕೆ? ಆ ಮೂವರು ಪರಿಶಿಷ್ಟರು, ಅವರಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಆ ತೀರ್ಪಿನ ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಅದು ಬೇರೆ ಮಾತು. ‘ನಾಯಾಟ್ಟು’ವಿನ ಮೂವರಲ್ಲಿ ಮಣಿಯನ್ ಮತ್ತು ಸುನಿತಾ ಇಬ್ಬರೂ ದಲಿತರು. ತುಣುಕು ಹಂಚುವವರು ಇದನ್ನು ಗಮನಿಸಿಯೇ ಇಲ್ಲ.

ಎರಡನೆಯದು, ಅಪಘಾತ. ಈ ಕಾಯ್ದೆಯಡಿ ದೊಡ್ಡ ಶಿಕ್ಷೆಯಾಗಬೇಕಾದರೆ, ಎದುರಿಗಿರುವವನು ಪರಿಶಿಷ್ಟ ಜಾತಿಯವನು ಎಂದು ಗೊತ್ತಿದ್ದೂ ಅಪರಾಧ ಮಾಡಿದ್ದಾನೆ ಎಂಬುದನ್ನು ತೋರಿಸಬೇಕು. ಕತ್ತಲಲ್ಲಿ ಬೈಕಿಗೆ ಡಿಕ್ಕಿ ಹೊಡೆದದ್ದು ನಿರ್ಲಕ್ಷ್ಯದ ಚಾಲನೆ. ಆಗಿನ ದಂಡ ಸಂಹಿತೆ ಐಪಿಸಿಯಲ್ಲಿ ಅದು 304ಎ, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 106ನೇ ಸೆಕ್ಷನ್. ಅದೂ ಓಡಿಸಿದವನ ಮೇಲೆ. ಪಕ್ಕದಲ್ಲಿ ಕೂತವರ ಮೇಲೆ ಅಲ್ಲ. ಇವರ ತಪ್ಪೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಜೀಪನ್ನು ಹೊರಗಿನ ಹುಡುಗನ ಕೈಗೆ ಕೊಟ್ಟದ್ದು ತಪ್ಪು, ಇಲಾಖಾ ವಿಚಾರಣೆಗೆ ಸಾಕಷ್ಟು ಕಾರಣ. ಆದರೆ ಅದು ಕೊಲೆಯಲ್ಲ.

ಮೂರನೆಯದು, ಜಾಮೀನು. ಕಾಯ್ದೆಯ 18ನೇ ಸೆಕ್ಷನ್ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿಗೆ, ತಡೆ ಹಾಕುತ್ತದೆ, ನಿಜ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಸಡಿಲ ಮಾಡಿತು. ದೇಶದ ತುಂಬ ಪ್ರತಿಭಟನೆ ನಡೆಯಿತು. ಅದೇ ವರ್ಷ ಸಂಸತ್ತು 18ಎ ಸೇರಿಸಿ ಮೊದಲಿನ ಸ್ಥಿತಿಗೆ ತಂದಿತು. 2020ರ ಫೆಬ್ರುವರಿಯಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಮೇಲ್ನೋಟಕ್ಕೇ ಈ ಕಾಯ್ದೆಯ ಅಪರಾಧ ಕಾಣದಿದ್ದರೆ ಜಾಮೀನಿನ ತಡೆ ಅನ್ವಯಿಸುವುದಿಲ್ಲ ಎಂದೂ ಹೇಳಿತು. ನಾನೇ ಇಂಥ ಜಾಮೀನು ಕೊಡಿಸಿದ್ದೇನೆ. ಬಂಧನವಾದ ಮೇಲೆ ಕೇಳುವ ಸಾಮಾನ್ಯ ಜಾಮೀನಿಗಂತೂ ಯಾವತ್ತೂ ಅಡ್ಡಿಯಿಲ್ಲ.

‘ಖುಲಾಸೆ ಜಾಸ್ತಿ, ಹಾಗಾದರೆ ಕೇಸುಗಳೇ ಸುಳ್ಳು’ ಎಂಬ ವಾದವೂ ನಿಮ್ಮ ಗುಂಪಿಗೆ ಬರಬಹುದು. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಕಂಬಾಲಪಲ್ಲಿಯನ್ನು ನೆನಪಿಸಿಕೊಳ್ಳಿ. 2000ದ ಮಾರ್ಚ್ 11ರಂದು 7 ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನೇ ಉಳಿಸಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಹಾಗಂತ ಆ 7 ಜನ ಸುಟ್ಟು ಸತ್ತದ್ದು ಸುಳ್ಳಾ? ಸುಳ್ಳು ದೂರುಗಳೇ ಇಲ್ಲ ಎಂದು ನಾನು ಹೇಳಲಾರೆ. ನಾನೂ ನೋಡಿದ್ದೇನೆ. ಬಹಳ ಸಲ ಅದರ ಹಿಂದೆ ಮೇಲ್ಜಾತಿಯ ಇಬ್ಬರ ಜಮೀನು ಜಗಳ ಇರುತ್ತದೆ, ನಡುವೆ ಕೂಲಿಯವನೊಬ್ಬನ ಹೆಸರು ಬಳಕೆಯಾಗಿರುತ್ತದೆ. ಚೆಕ್ ಬೌನ್ಸ್ ಕೇಸಿನಲ್ಲೂ ಸುಳ್ಳಿದೆ, ವರದಕ್ಷಿಣೆ ಕೇಸಿನಲ್ಲೂ ಇದೆ. ಅದಕ್ಕೆ ಯಾರೂ ಒಂದು ಜಾತಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ.

ಹಾಗಾದರೆ ಆ ಮೂವರನ್ನು ಬೇಟೆಯಾಡಿದ್ದು ಏನು? ಇಲ್ಲಿ ಸಿನಿಮಾ ಮತ್ತೆ ನಿಜಕ್ಕೆ ಮರಳುತ್ತದೆ. ಅವರನ್ನು ಬೇಟೆಯಾಡಿದ್ದು ದಲಿತರಲ್ಲ. ಪೊಲೀಸ್ ಇಲಾಖೆ ನಡೆಯುವ ರೀತಿ. ಮೇಲಿನಿಂದ ಬಾಯಿಮಾತಿನ ಆದೇಶ ಬರುತ್ತದೆ. ಕೆಳಗಿನವನು ಸಹಿ ಹಾಕುತ್ತಾನೆ. ನಾಳೆ ಲೆಕ್ಕ ಕೇಳಿದಾಗ ಕಾಗದದಲ್ಲಿ ಇರುವುದು ಕೆಳಗಿನವನ ಸಹಿ ಮಾತ್ರ. ಚಿತ್ರ ಶುರುವಾಗುವುದು ಹಗ್ಗಜಗ್ಗಾಟದಿಂದ, ನೆನಪಿದೆಯಾ? ಹಗ್ಗದ ಎರಡು ತುದಿಯಲ್ಲಿ ಮೈ ಬೆವರಿಳಿಸುವವರು ಒಂದೇ ಬಗೆಯ ಜನ.

ವಯನಾಡಿನ ಒಂದು ಹಳೆಯ ಸಂಗತಿ ಹೇಳುತ್ತೇನೆ. 1970ರ ಫೆಬ್ರುವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ, ನಮ್ಮ ಕೊಡಗಿನ ಗಡಿಗೆ ಬಹಳ ಹತ್ತಿರ, ನಕ್ಸಲ್ ನಾಯಕ ವರ್ಗೀಸ್ ಅವರನ್ನು ಪೊಲೀಸರು ಕೊಂದರು. ಗುಂಡಿನ ಚಕಮಕಿ ಎಂದು ದಾಖಲೆಯಾಯಿತು. 28 ವರ್ಷ ಕಳೆದು, 1998ರಲ್ಲಿ, ರಾಮಚಂದ್ರನ್ ನಾಯರ್ ಎಂಬ ನಿವೃತ್ತ ಪೇದೆ ಬಾಯಿಬಿಟ್ಟರು. ಹಿಡಿದು ತಂದವನನ್ನು ಮೇಲಧಿಕಾರಿಯ ಆದೇಶದಂತೆ ತಾನೇ ಗುಂಡಿಟ್ಟು ಕೊಂದೆ ಎಂದರು. ಸತ್ಯ ಹೇಳಿದ ಅವರೇ ಆರೋಪಿಯಾದರು. ತೀರ್ಪು ಬರುವ ಮೊದಲೇ ತೀರಿಕೊಂಡರು. 2010ರಲ್ಲಿ ಸಿಬಿಐ ನ್ಯಾಯಾಲಯ ಆ ಮೇಲಧಿಕಾರಿಗೆ, ಆ ಹೊತ್ತಿಗೆ ಐಜಿಯಾಗಿ ನಿವೃತ್ತರಾಗಿದ್ದ ಕೆ. ಲಕ್ಷ್ಮಣ ಅವರಿಗೆ, ಜೀವಾವಧಿ ಶಿಕ್ಷೆ ಕೊಟ್ಟಿತು. ಒಬ್ಬ ಪೇದೆ ಆ ಭಾರವನ್ನು 28 ವರ್ಷ ಹೊತ್ತಿದ್ದರು. ನಾನು ಅವರ ಬಗ್ಗೆ ಯೋಚಿಸುವಷ್ಟು ಬೇರೆ ಯಾವ ಕೇಸಿನ ಬಗ್ಗೆಯೂ ಯೋಚಿಸಿಲ್ಲ. ಅದೇ ವಯನಾಡಿನಲ್ಲಿ, ಗುಂಡ್ಲುಪೇಟೆ ರಸ್ತೆಯ ಮುತ್ತಂಗದಲ್ಲಿ, 2003ರ ಫೆಬ್ರುವರಿಯಲ್ಲಿ ಭೂಮಿಗಾಗಿ ಕಾಡಿನೊಳಗೆ ಕೂತ ಆದಿವಾಸಿಗಳ ಮೇಲೆ ಗುಂಡು ಹಾರಿತು. ಅವತ್ತು ಸತ್ತವರಲ್ಲಿ ಒಬ್ಬ ಆದಿವಾಸಿ, ಒಬ್ಬ ಪೇದೆ.

ಈ ಸಿನಿಮಾ ಇಷ್ಟು ಹತ್ತಿರ ಬಂದೂ ಆ ಇಬ್ಬರನ್ನು ಒಟ್ಟಿಗೆ ನೋಡಲಿಲ್ಲ. ನನಗೆ ಅದರ ಮೇಲಿರುವ ದೂರು ಅದೊಂದೇ. ಪೇದೆಯ ಮನೆಯನ್ನು ತೋರಿಸಿತು. ಸತ್ತ ಹುಡುಗನ ಮನೆಯೊಳಗೆ ಕ್ಯಾಮೆರಾ ಅದೇ ಪ್ರೀತಿಯಿಂದ ಕೂರಲಿಲ್ಲ. ಹಾಗಾಗಿ ನಮ್ಮ ಅಳು ಒಂದು ಕಡೆಗೇ ಹೋಯಿತು. ನೀವು ಅತ್ತದ್ದು ತಪ್ಪಲ್ಲ. ಸುನಿತಾಗಾಗಿ, ಮಣಿಯನ್‌ಗಾಗಿ ಅಳುವುದೂ ನಿಮ್ಮ ಜನರಿಗಾಗಿ ಅತ್ತಂತೆಯೇ.

ಇನ್ನು ನಿಮ್ಮ ತಮ್ಮ. ಅವನಿಗೆ ಹೀಗೆ ಆಗಬಹುದಾ? ಸಿನಿಮಾದಷ್ಟು ನಾಟಕೀಯವಾಗಿ ಆಗುವುದು ಅಪರೂಪ. ಆದರೆ ಮೇಲಿನವರ ಮಾತಿಗೆ ಸಹಿ ಹಾಕಿ ಸಿಕ್ಕಿಬೀಳುವುದು ಅಪರೂಪವಲ್ಲ. ನನ್ನ ಒಬ್ಬ ಕಕ್ಷಿದಾರ ಪೇದೆ, ತಾನು ಹೋಗದ ಜಾಗದ ಮಹಜರಿಗೆ (ಸ್ಥಳ ಪರಿಶೀಲನೆಯ ದಾಖಲೆಗೆ) ಫೋನಿನ ಆದೇಶದ ಮೇಲೆ ಸಹಿ ಹಾಕಿದ್ದ. ಕೇಸು ತಿರುಗಿತು. ಆದೇಶ ಕೊಟ್ಟವರು ಬೇರೆ ಊರಿಗೆ ಬಡ್ತಿ ಪಡೆದು ಹೋದರು. ಇವನು ಖುಲಾಸೆಯಾಗಲು 9 ವರ್ಷ ಬೇಕಾಯಿತು. ಅಷ್ಟರಲ್ಲಿ ಮಗಳ ಮದುವೆ ಒಂದು ಸಲ ಮುರಿದುಬಿತ್ತು.

‘ಮೇಲಿನವರು ಹೇಳಿದರು, ಮಾಡಿದೆ’ ಎಂಬುದು ಕಾನೂನಿನಲ್ಲಿ ರಕ್ಷಣೆಯಲ್ಲ. ಇದನ್ನು ಅವನಿಗೆ ಗಟ್ಟಿಯಾಗಿ ಹೇಳಿ. ನ್ಯಾಯ ಸಂಹಿತೆಯ 14ನೇ ಸೆಕ್ಷನ್, ಹಳೆಯ ಐಪಿಸಿಯ 76, ಕಾನೂನಿಗೆ ಒಳಪಟ್ಟ ಆದೇಶಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ. ‘ಹೊಡಿ’, ‘ಇಲ್ಲದ್ದನ್ನು ಇದೆ ಅಂತ ಬರಿ’ ಎಂಬ ಆದೇಶ ಪಾಲಿಸಿದರೆ ಪಾಲಿಸಿದವನೂ ಅಪರಾಧಿ. ಸರ್ಕಾರಿ ನೌಕರರ ಮೇಲೆ ಕೇಸು ನಡೆಸಲು ಮೊದಲೇ ಸರ್ಕಾರದ ಅನುಮತಿ ಬೇಕು ಎಂಬ ಮಾತನ್ನೂ ಅವನು ಕೇಳಿರುತ್ತಾನೆ. ಕೇಂದ್ರದ ಕಾನೂನಿನಲ್ಲಿ ಆ ರಕ್ಷಣೆ ಮುಖ್ಯವಾಗಿ ಸರ್ಕಾರವೇ ತೆಗೆದುಹಾಕಬಲ್ಲ ಮೇಲಿನ ಅಧಿಕಾರಿಗಳಿಗೆ. ಪೇದೆಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಕೆಳಗಿನವರಿಗೂ ಸ್ವಲ್ಪ ನೆರಳು ಕೊಡುತ್ತದೆ. ಆದರೆ ಮಾಡಿದ ಕೆಲಸಕ್ಕೂ ಕರ್ತವ್ಯಕ್ಕೂ ನಿಜವಾದ ಸಂಬಂಧ ಇರಬೇಕು.

ಅವನು ಮಾಡಬಹುದಾದ ಮೊದಲ ಕೆಲಸ, ಬರೆದಿಡುವುದು. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರು ಕಳಿಸಿದರು ಎಂಬುದು ಠಾಣೆಯ ಡೈರಿಯಲ್ಲಿ ಬರಲಿ. ಬಾಯಿಮಾತಿನ ಆದೇಶ ಬಂದರೆ, ‘ತಾವು ಹೇಳಿದಂತೆ ಇಂಥ ಕಡೆ ಹೋಗುತ್ತಿದ್ದೇನೆ ಸರ್’ ಎಂದು ಒಂದು ಮೆಸೇಜ್ ಹಾಕಲಿ. ಒರಟಾಗಿ ಲಿಖಿತ ಆದೇಶ ಕೇಳುವುದಕ್ಕಿಂತ ಇದು ಮೆತ್ತಗಿನ ದಾರಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ‘ತಲೆಹರಟೆ’ ಎಂಬ ಹೆಸರು ಬರಬಹುದು, ವರ್ಗವೂ ಆಗಬಹುದು. ವರ್ಗವಾದರೆ ಗಂಟುಮೂಟೆ ಕಟ್ಟಬೇಕು, ಕಷ್ಟ. ಆದರೆ ಕಟಕಟೆ ಅದಕ್ಕಿಂತ ಕಷ್ಟ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ರಾಜಕೀಯ ಒತ್ತಡದಿಂದ ಬಿಡಿಸಲು 7 ಸೂಚನೆ ಕೊಟ್ಟಿತ್ತು. ಅದು ಪೂರ್ತಿ ಜಾರಿಯಾಗಿದ್ದರೆ ನಾನು ಈ ಉಪಾಯ ಹೇಳಬೇಕಾಗಿರಲಿಲ್ಲ.

ಅಕ್ರಮ ಆದೇಶ ಬಂದರೆ? ನೇರವಾಗಿ ‘ಇಲ್ಲ’ ಅನ್ನುವುದು ಕಾನೂನಿನ ಪ್ರಕಾರ ಸರಿ. ಅಮಾನತಿನ ಅಪಾಯ ಇದೆ, ಮುಚ್ಚಿಡುವುದಿಲ್ಲ. ಅಮಾನತಾದರೂ ಜೀವನಾಧಾರ ಭತ್ಯೆ ಸಿಗುತ್ತದೆ. ಸಂವಿಧಾನದ 311ನೇ ವಿಧಿಯಿಂದಾಗಿ ವಿಚಾರಣೆ ಇಲ್ಲದೆ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಪೊಲೀಸ್ ದೂರು ಪ್ರಾಧಿಕಾರಕ್ಕೂ ಹೋಗಬಹುದು, ನಿಧಾನ ಜಾಸ್ತಿ. ಪತ್ರಿಕೆಗೆ ಹೇಳುವುದು, ಜಾಲತಾಣದಲ್ಲಿ ಬರೆಯುವುದು ಬೇಡ. 1966ರ ಕಾಯ್ದೆಯೊಂದು ಪೊಲೀಸರ ಆ ಹಕ್ಕನ್ನು ಬಿಗಿಯಾಗಿ ಕಟ್ಟಿಹಾಕಿದೆ. 2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರು ಸಂಬಳ, ರಜೆ ಕೇಳಿ ಸಾಮೂಹಿಕ ರಜೆಗೆ ಹೊರಟಾಗ ಮುಂದೆ ನಿಂತವರ ಮೇಲೆ ದೇಶದ್ರೋಹದ ಕೇಸೇ ಬಿತ್ತು.

ಕೇಸು ಬಿದ್ದೇಬಿಟ್ಟರೆ, ಓಡಬಾರದು. ಸಿನಿಮಾದ ಮೂವರಿಗೆ ನಾನು ವಕೀಲನಾಗಿದ್ದರೆ ಆ ರಾತ್ರಿಯೇ ಹೇಳುತ್ತಿದ್ದದ್ದು ಇದೇ. ಓಡಿದ ಗಳಿಗೆಯಿಂದ ಆ ಓಟವೇ ಸಾಕ್ಷ್ಯವಾಗುತ್ತದೆ. ತಲೆಮರೆಸಿಕೊಂಡವನಿಗೆ ಜಾಮೀನು ಕೊಡಲು ನ್ಯಾಯಾಧೀಶರು ಹತ್ತು ಸಲ ಯೋಚಿಸುತ್ತಾರೆ. ಓಡುವ ಮನಸ್ಸು ಯಾಕೆ ಬರುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಅದಕ್ಕೇ, ಠಾಣೆಯ ಭಯ ಇರುವವರಿಗೆ ನಾನು ಹೇಳುವುದು ವಕೀಲರ ಜೊತೆ ಹೋಗಿ ನೇರವಾಗಿ ಕೋರ್ಟಿನ ಮುಂದೆ ಶರಣಾಗಿ ಎಂದು. ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದೃಶ್ಯ ಉಳಿಸಿ ಎಂದು ಮೊದಲ ದಿನವೇ ಅರ್ಜಿ ಹಾಕಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ. ಇಷ್ಟು ಮಾಡಿದರೂ ಕೆಲವು ವಾರ ಒಳಗಿರಬೇಕಾಗಬಹುದು. 48 ಗಂಟೆ ದಾಟಿದರೆ ಅಮಾನತೂ ಆಗುತ್ತದೆ. ಆದರೆ ಕೇಸು ನಮ್ಮ ಕೈಯಲ್ಲಿ ಉಳಿಯುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ ಸಾಲು. ಅವನು ಅರ್ಧಕ್ಕೆ ಎದ್ದು ಹೋದ ಅಂದಿರಲ್ಲ, ಅದು. ಅವನನ್ನು ಕಾನೂನಿನ ಬಗ್ಗೆ ಕೇಳುವ ಮೊದಲು ಕೆಲಸದ ಬಗ್ಗೆ ಕೇಳಿ. ವಾರದ ರಜೆ ಸಿಗುತ್ತಿದೆಯಾ, ರಾತ್ರಿ ನಿದ್ದೆ ಬರುತ್ತಾ, ಯಾರಾದರೂ ಯಾವುದಕ್ಕಾದರೂ ಸಹಿ ಹಾಕು ಅನ್ನುತ್ತಿದ್ದಾರಾ. ಈಗಾಗಲೇ ಏನೋ ನಡೆದಿರಬಹುದು. ಬೈಯದೆ ಕೇಳಿಸಿಕೊಳ್ಳಿ. ಹೇಳಿದರೆ, ತಡ ಮಾಡದೆ ಒಬ್ಬ ಕ್ರಿಮಿನಲ್ ವಕೀಲರನ್ನು ಕಾಣಿಸಿ. ವಕೀಲರಿಗೆ ಹೇಳಿದ ಗುಟ್ಟನ್ನು ಕಾನೂನು ಕಾಪಾಡುತ್ತದೆ. ಮಾತು ಬಾರದಷ್ಟು ಮಂಕಾಗಿದ್ದರೆ, ಬದುಕು ಬೇಡ ಎಂಬ ಮಾತು ಬಾಯಲ್ಲಿ ಬಂದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ನಿಮಗೂ ನಿದ್ದೆ ಬಾರದಿದ್ದರೆ ಅದೇ ನಂಬರ್.

ಶಾಲೆಯ ಗುಂಪಿನಲ್ಲಿ ಏನು ಬರೆಯಲಿ ಎಂದು ನೀವು ಕೇಳಿಲ್ಲ. ಆದರೂ ಆ ಪ್ರಶ್ನೆ ನಿಮ್ಮ ಪತ್ರದಲ್ಲಿದೆ ಅನ್ನಿಸಿತು. ಉದ್ದ ವಾದ ಬೇಡ. ಬರೆಯಲೇಬೇಕು ಅನ್ನಿಸಿದರೆ ಇಷ್ಟು ಬರೆಯಿರಿ: ‘ಸಿನಿಮಾ ಪೂರ್ತಿ ನೋಡಿದೆ. ಆ ಮೂವರಲ್ಲಿ ಇಬ್ಬರು ದಲಿತರು. ಗಮನಿಸಿದ್ರಾ?’